ಓಪನ್ ಸೋರ್ಸ್‌ಗೆ ಹೊಸಬರಾ? ಟ್ರಾನ್ಸ್‌ಲೇಟ್‌ವಿಕಿಯಿಂದ ಶುರು ಮಾಡಿ

ಓಪನ್ ಸೋರ್ಸ್‌ಗೆ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ಗೆ, ಏನಾದ್ರೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆಲ್ಲ ನಾನು ಹೇಳುವ ಹೆಸರು ಒಂದೇ, ಸಾಫ್ಟ್‌ವೇರ್‌ಗಳ ಮಾತುಗಳನ್ನು ಅನುವಾದಿಸುವ ತಾಣ ಟ್ರಾನ್ಸ್‌ಲೇಟ್‌ವಿಕಿ ಡಾಟ್ ನೆಟ್. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಗೊತ್ತಿರಬೇಕಾಗಿಲ್ಲ. ಕೋಡ್ ಬರೆಯಲು ಬರಬೇಕಾಗಿಲ್ಲ. ಇಂಗ್ಲಿಷ್ ಓದಿದರೆ ಅರ್ಥವಾಗಬೇಕು, ಕನ್ನಡ ಚೆನ್ನಾಗಿ ಬರಬೇಕು, ಅಷ್ಟೇ.

ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಸ್ಟ್ರೋಮ್ ಶುರು ಮಾಡಿದ ತಾಣ ಇದು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ, ಜನರೇ ಸೇರಿ ಮಾಡುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್, ಇಂಟರ್ನೆಟ್ ಇಲ್ಲದ ಕಡೆಯೂ ವಿಕಿಪೀಡಿಯ ಓದಿಸುವ ಕಿವಿಕ್ಸ್, ಹೀಗೆ ಎಷ್ಟೋ ಸಾಫ್ಟ್‌ವೇರ್‌ಗಳ ಬಟನ್, ಮೆನು, ಎಚ್ಚರಿಕೆಯ ಸಾಲುಗಳು ಇಲ್ಲೇ ಬೇರೆ ಬೇರೆ ಭಾಷೆಗೆ ಹೋಗುತ್ತವೆ. ಖಾತೆ ತೆರೆದ ಕೂಡಲೇ ಎಲ್ಲದಕ್ಕೂ ಕೈ ಹಾಕಲು ಬಿಡುವುದಿಲ್ಲ. ಮೊದಲು ಕೆಲವು ಸಾಲುಗಳನ್ನು ಅನುವಾದಿಸಿ ತೋರಿಸಬೇಕು, ಆಮೇಲೆ ಒಪ್ಪಿಗೆ. ಸ್ವಲ್ಪ ಕಿರಿಕಿರಿ ಅನ್ನಿಸಬಹುದು, ಆದರೆ ಇದು ಬೇಕೇ ಬೇಕು.

ನನಗೆ ತುಂಬಾ ಹಿಡಿಸಿದ್ದು ಸಾಲಿನ ಪಕ್ಕದಲ್ಲಿರುವ ವಿವರಣೆ. ಈ ಮಾತು ಪರದೆಯಲ್ಲಿ ಎಲ್ಲಿ ಬರುತ್ತದೆ, ಬಟನ್ನೋ ಶೀರ್ಷಿಕೆಯೋ, $1 (ಸಾಫ್ಟ್‌ವೇರ್ ಆಮೇಲೆ ತುಂಬುವ ಖಾಲಿ ಜಾಗದ ಗುರುತು) ಇರುವ ಕಡೆ ಹೆಸರು ಬರುತ್ತದೋ ಸಂಖ್ಯೆಯೋ, ಇಂಥದ್ದನ್ನೆಲ್ಲ ಅಲ್ಲಿ ಬರೆದಿರುತ್ತಾರೆ. ಕನ್ನಡಕ್ಕಂತೂ ಇದಿಲ್ಲದೆ ಆಗುವುದೇ ಇಲ್ಲ. ಬಳಕೆದಾರರ ಹೆಸರು ಬರುವ $1ಕ್ಕೆ ಸುಮ್ನೆ ‘ನ’ ಅಂಟಿಸಿದರೆ ‘ರಮೇಶನ ಪುಟ’ ಸರಿ, ‘ಗೀತಾನ ಪುಟ’ ತಪ್ಪು. ‘$1 ಅವರ ಪುಟ’ ಅಂದರೆ ಯಾರ ಹೆಸರು ಬಂದರೂ ಹೊಂದುತ್ತದೆ. ‘ಬದಲಾಯಿಸಿದ್ದಾರೆ’ ಅಂತ ಬರೆದರೆ ಗಂಡೋ ಹೆಣ್ಣೋ ಅನ್ನುವ ತಲೆನೋವೂ ಇಲ್ಲ. ಹೀಗೆ ಯೋಚಿಸುತ್ತಾ ಕೂತರೆ ಸಾಫ್ಟ್‌ವೇರ್ ತನ್ನ ವಾಕ್ಯಗಳನ್ನು ಹೇಗೆ ಜೋಡಿಸುತ್ತದೆ ಅನ್ನುವುದು ತಾನಾಗೇ ತಿಳಿಯುತ್ತಾ ಹೋಗುತ್ತದೆ. ವಿವರಣೆ ಸಾಲದಿದ್ದರೆ ಅಲ್ಲೇ ಪ್ರಶ್ನೆ ಕೇಳಬಹುದು. ದಯವಿಟ್ಟು ಕೇಳಿ, ನಿಮ್ಮ ಪ್ರಶ್ನೆಯಿಂದ ವಿವರಣೆ ಸರಿಯಾದರೆ ತಮಿಳು, ಮಲಯಾಳಂ ಅನುವಾದಕರಿಗೂ ಅನುಕೂಲ ಅಲ್ವಾ?

ಸೇವ್ ಮಾಡಿದ ತಕ್ಷಣ ನಿಮ್ಮ ಸಾಲು ಕನ್ನಡ ವಿಕಿಪೀಡಿಯದಲ್ಲಿ ಕಾಣಿಸುವುದಿಲ್ಲ. ಅದು ಇಲ್ಲಿಂದ ಆ ಸಾಫ್ಟ್‌ವೇರಿನ ಕೋಡ್‌ಗೆ ಸೇರಬೇಕು, ಅಲ್ಲಿಯವರೆಗೆ ತಾಳ್ಮೆ ಬೇಕು. ಗಿಟ್ ಕಲಿಯಲೇಬೇಕು ಅನ್ನುವವರಿಗೆ ಇದು ಸಾಲದು. ಅವರಿಗೆ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ‘ಫಸ್ಟ್ ಕಾಂಟ್ರಿಬ್ಯೂಷನ್ಸ್’ ಅನ್ನುವ ಅಭ್ಯಾಸದ ರೆಪೊ (ಕಡತಗಳ ಸಂಗ್ರಹ) ಇದೆ, ಫೋರ್ಕ್ ಮಾಡುವುದರಿಂದ (ನಮ್ಮದೇ ಪ್ರತಿ ಮಾಡಿಕೊಳ್ಳುವುದು) ಪುಲ್ ರಿಕ್ವೆಸ್ಟ್‌ವರೆಗೆ (ನಮ್ಮ ಬದಲಾವಣೆ ಸೇರಿಸಿಕೊಳ್ಳಿ ಅಂತ ಕೇಳುವುದು) ಒಂದೊಂದೇ ಹಂತ ಹೇಳಿಕೊಡುತ್ತದೆ. ಆದರೆ ಅಲ್ಲಿ ನೀವು ಸೇರಿಸುವುದು ಪಟ್ಟಿಗೆ ನಿಮ್ಮ ಹೆಸರನ್ನು. ಇಲ್ಲಿ ಬರೆದದ್ದು ಜನ ಓದಿ ಒತ್ತುವ ಬಟನ್ ಆಗುತ್ತದೆ, ಅದಕ್ಕೇ ನನ್ನ ಓಟು ಇದಕ್ಕೆ.

ಸೇರಿದ ಮೇಲೆ ಮೊದಲು ಕನ್ನಡದಲ್ಲಿ ಆಗಲೇ ಆಗಿರುವ ಅನುವಾದಗಳನ್ನು ಒಂದಷ್ಟು ಓದಿ. ಯಾವ ಪದ ಬಳಕೆಯಲ್ಲಿದೆ ನೋಡಿಕೊಂಡು ಆಮೇಲೆ ನಿಮ್ಮ ಸಾಲು ಬರೆಯಿರಿ.