ಎಮರ್ಜೆನ್ಸಿ ಲೈಟ್: ಸೀಸದ ಬ್ಯಾಟರಿಯೋ, ಲಿಥಿಯಮ್ಮೋ?

ಅಂಗಡಿಯಲ್ಲಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಭಾರದ್ದು ಸೀಸದ್ದು, ಹಗುರದ್ದು ಲಿಥಿಯಂ. ರಾತ್ರಿ ಪಂಪ್‌ಸೆಟ್ ಹಾಕಲು ತೋಟಕ್ಕೆ ನಡೆಯುವವರಿಗೆ ಈ ತೂಕವೇ ದೊಡ್ಡ ವಿಷಯ.

ಸೀಸದ ಬ್ಯಾಟರಿ ಹಸಿವು ತಡೆಯುವುದಿಲ್ಲ. ಪೂರ್ತಿ ಖಾಲಿ ಮಾಡಿ ಮೂಲೆಗಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ನಮ್ಮ ಮನೆಯ 6 ವೋಲ್ಟ್ ಲೈಟ್ ಹೀಗೇ ಹಾಳಾಯಿತು. ರಾತ್ರಿಯಿಡೀ ಚಾರ್ಜ್ ಮಾಡಿದರೂ ಹತ್ತು ನಿಮಿಷಕ್ಕೆ ಬೆಳಕು ಹಳದಿಗೆ ತಿರುಗುತ್ತಿತ್ತು. ಹಾಗಾಗಿ ಬಳಸಿದ ದಿನವೇ ತುಂಬಿಸಿ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ತುಂಬಿದ ಮೇಲೆ ತಾನಾಗಿ ನಿಲ್ಲುವ ಆಟೋ ಕಟ್ ಇದೆಯಾ ಅಂತ ಕೇಳಿಯೇ ಕೊಳ್ಳಿ.

ಲಿಥಿಯಂನ ಸ್ವಭಾವ ಇದಕ್ಕೆ ತದ್ವಿರುದ್ಧ. ತಿಂಗಳುಗಟ್ಟಲೆ ಸುಮ್ನೆ ಇಡುವುದಾದರೆ ಅರ್ಧ ಚಾರ್ಜೇ ಒಳ್ಳೆಯದು. ಅದಕ್ಕೆ ಆಗದಿರುವುದು ಬಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ, ಒಲೆಯ ಪಕ್ಕ ಇಡಬೇಡಿ. ಸೆಲ್ ಉಬ್ಬಿದ್ದು ಕಂಡರೆ ಮತ್ತೆ ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತಬಹುದು.

ರಿಪೇರಿಯಲ್ಲಿ ಮಾತ್ರ ಸೀಸದ್ದೇ ಮೇಲು. ಎರಡು ವೈರ್ ಕಳಚಿ ಹೊಸ ಬ್ಯಾಟರಿ ಸಿಕ್ಕಿಸಿದರೆ ಆಯಿತು. ಲಿಥಿಯಂ ಸೆಲ್‌ಗೆ ಎಷ್ಟೋ ಲೈಟ್‌ಗಳಲ್ಲಿ ಬೆಸುಗೆ ಹಾಕಿರುತ್ತಾರೆ.

ಗೋಡೆಗೆ ತೂಗುಹಾಕಿ ಸದಾ ಪ್ಲಗ್‌ನಲ್ಲೇ ಇಡುವುದಾದರೆ ಆಟೋ ಕಟ್ ಇರುವ ಸೀಸದ್ದು ಸಾಕು. ಕೈಯಲ್ಲಿ ಹಿಡಿದು ಓಡಾಡುವುದೇ ಜಾಸ್ತಿ ಅಲ್ವಾ? ಹಾಗಿದ್ದರೆ ನಾನು ಹೇಳುವುದು ಲಿಥಿಯಂ, ಅದೂ ಸೆಲ್ ಹೊರಗೆ ತೆಗೆಯಲು ಬರುವಂಥದ್ದು.