ಯಾವ ಪಂಚಿಂಗ್ ಟೂಲ್ ತಗೊಳ್ಳಬೇಕು? ಮೂರನ್ನೂ ಬಳಸಿ ನೋಡಿದ ಮೇಲೆ

ನೆಟ್‌ವರ್ಕ್ ಜ್ಯಾಕ್, ಪ್ಯಾಚ್ ಪ್ಯಾನೆಲ್ (ಸಾಲಾಗಿ ಹಲವು ಜ್ಯಾಕ್ ಇರುವ ಪಟ್ಟಿ), ಟೆಲಿಫೋನ್ ಮಾಡ್ಯೂಲ್‌ಗಳಿಗೆ ವೈರ್ ಕೂರಿಸಲು ನಾನು ಮೂರು ಥರದ ಟೂಲ್ ಬಳಸಿದ್ದೇನೆ. ಜ್ಯಾಕ್ ಜೊತೆ ಬರುವ ಪ್ಲಾಸ್ಟಿಕ್ಕಿನದು, ಕ್ರೋನ್ ಮಾದರಿಯ ಮಾಡ್ಯೂಲ್‌ಗಳಿಗೆಂದೇ ಮಾಡಿದ ಕ್ರೋನ್ ಟೂಲ್, ಮತ್ತೆ ಒಳಗೆ ಸ್ಪ್ರಿಂಗ್ ಇರುವ ಇಂಪ್ಯಾಕ್ಟ್ ಟೂಲ್. ಒಂದನ್ನೇ ಕೊಳ್ಳುವುದಾದರೆ ಬ್ಲೇಡ್ ಬದಲಿಸುವ ಇಂಪ್ಯಾಕ್ಟ್ ಟೂಲನ್ನೇ ಕೊಳ್ಳಿ.

ಪ್ಲಾಸ್ಟಿಕ್ಕಿನದು ಒಂದೆರಡು ಜ್ಯಾಕ್‌ಗೆ ಪರವಾಗಿಲ್ಲ. ಆದರೆ ಎಷ್ಟು ಒತ್ತಬೇಕು ಅನ್ನುವುದು ಪೂರ್ತಿ ನಿಮ್ಮ ಕೈಗೆ ಬಿಟ್ಟಿದ್ದು. ಒಮ್ಮೆ ಒಂದು ಕೇಬಲ್ ಗಿಗಾಬಿಟ್ ಬದಲು 100 ಎಂಬಿಪಿಎಸ್‌ನಲ್ಲೇ ನಿಂತುಬಿಟ್ಟಿತ್ತು. ಪ್ಯಾಚ್ ಕಾರ್ಡ್ (ಜ್ಯಾಕಿಗೆ ಚುಚ್ಚುವ ಚಿಕ್ಕ ಕೇಬಲ್) ಬದಲಿಸಿದೆ, ಸ್ವಿಚ್ಚಿನ ಪೋರ್ಟ್ ಬದಲಿಸಿದೆ, ಕೊನೆಗೆ ಜ್ಯಾಕ್ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ನೀಲಿ ವೈರ್ ಪಕ್ಕದ ವೈರ್‌ಗಳಿಗಿಂತ ಒಂಚೂರು ಮೇಲೆ ನಿಂತಿದೆ, ಜ್ಯಾಕಿನ ಲೋಹ ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ಕತ್ತರಿಸಿಲ್ಲ! ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಅದಕ್ಕೇ ಪೋರ್ಟಿನ ಲೈಟ್ ಉರಿಯುತ್ತದೆ, ನಾವು ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ.

ಟೆಲಿಫೋನ್ ಮಾಡ್ಯೂಲ್‌ಗೆ ಮಾತ್ರ ಕ್ರೋನ್ ಟೂಲ್‌ಗೆ ಸಾಟಿಯಿಲ್ಲ. ಒತ್ತಿದಾಗ ವೈರ್ ಕೂರುತ್ತದೆ, ಜೊತೆಗೇ ಪಕ್ಕದ ಕತ್ತರಿ ಉಳಿದ ತುದಿಯನ್ನು ಕತ್ತರಿಸುತ್ತದೆ. ಹಳೇ ವೈರ್ ಎಳೆಯೋಕೆ ಹಿಡಿಯಲ್ಲೇ ಕೊಕ್ಕೆ ಇದೆ. ಹತ್ತು ಜೋಡಿಯ ಮಾಡ್ಯೂಲ್‌ನಲ್ಲಿ ಒಂದೇ ವೈರ್ ಬದಲಿಸಬೇಕಾದಾಗ ಆ ಕೊಕ್ಕೆಯ ಬೆಲೆ ಗೊತ್ತಾಗುತ್ತದೆ. ಕ್ರೋನ್ ಮಾಡ್ಯೂಲ್‌ನ ಲೋಹದ ತುಟಿಗಳು ವೈರನ್ನು 45 ಡಿಗ್ರಿ ಓರೆಯಲ್ಲಿ ಕಚ್ಚಿ ಹಿಡಿಯುತ್ತವೆ. 110 ಬ್ಲೇಡನ್ನು (110 ಅನ್ನುವುದು ನೆಟ್‌ವರ್ಕ್ ಜ್ಯಾಕ್‌ಗಳಲ್ಲಿ ಸಾಮಾನ್ಯವಾದ ಇನ್ನೊಂದು ಮಾದರಿ) ಅಲ್ಲಿ ತುರುಕಬೇಡಿ. ತುಟಿಗಳು ಅಗಲವಾಗಿಬಿಟ್ಟರೆ ಮುಂದೆ ಹಾಕುವ ವೈರ್ ಸಡಿಲ ಕೂರುತ್ತದೆ, ಲೈನ್‌ನಲ್ಲಿ ಕರಕರ ಶುರುವಾಗುತ್ತದೆ. ಹಾಗೆಯೇ 110 ಜ್ಯಾಕ್‌ಗೆ 110 ಬ್ಲೇಡೇ ಸರಿ. ಕೆಲವು ಜ್ಯಾಕ್‌ಗಳು ಎರಡಕ್ಕೂ ಒಗ್ಗುತ್ತವೆ, ಆದರೂ ಜ್ಯಾಕ್ ಮೇಲೆ ಬರೆದಿರುವುದನ್ನು ಒಮ್ಮೆ ನೋಡಿಕೊಳ್ಳಿ.

ಇನ್ನು ಇಂಪ್ಯಾಕ್ಟ್ ಟೂಲ್. 24 ಪೋರ್ಟ್ ಪ್ಯಾನೆಲ್ ಅಂದರೆ 192 ವೈರ್. ಅಷ್ಟನ್ನೂ ಕೈ ಬಲದಿಂದ ಒತ್ತಿದರೆ ಸಂಜೆ ಹೊತ್ತಿಗೆ ಅಂಗೈ ಕೆಂಪಾಗುತ್ತದೆ, ಕೊನೆಯ ವೈರ್‌ಗಳಿಗೆ ಬಲವೂ ಕಡಿಮೆ ಬೀಳುತ್ತದೆ. ಇದರಲ್ಲಿ ನೇರ ಹಿಡಿದು ನಿಧಾನಕ್ಕೆ ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಟಕ್ ಅಂತ ಹೊಡೆಯುತ್ತದೆ, ಮೊದಲ ವೈರ್‌ಗೂ ಕೊನೆಯದಕ್ಕೂ ಅದೇ ಏಟು. ಏಟಿನ ಜೋರನ್ನು ಗುಂಡಿ ತಿರುಗಿಸಿ ಜಾಸ್ತಿ ಕಡಿಮೆ ಮಾಡಬಹುದು. ಕಡಿಮೆಯಿಂದಲೇ ಶುರು ಮಾಡಿ, ವೈರ್ ಪೂರ್ತಿ ಕೂರದಿದ್ದರೆ ಮಾತ್ರ ಹೆಚ್ಚಿಸಿ.

ಇದರಲ್ಲಿ ಒಂದು ಅಪಾಯ ಇದೆ, ನನಗೂ ಆಗಿದೆ. ಬ್ಲೇಡಿನ ಕತ್ತರಿಸುವ ಬದಿ ಯಾವಾಗಲೂ ವೈರಿನ ತುದಿಯ ಕಡೆಗೇ ಇರಬೇಕು. ಉಲ್ಟಾ ಹಿಡಿದರೆ ಬೇಡದ ತುದಿ ಉಳಿಯುತ್ತದೆ, ಕೇಬಲಿನಿಂದ ಬರುವ ವೈರೇ ಕಟ್ ಆಗುತ್ತದೆ. ಗೋಡೆಯೊಳಗೆ ಕೇಬಲ್ ಗಿಡ್ಡ ಬಿಟ್ಟಿದ್ದರೆ ಮುಗೀತು, ಅಲ್ವಾ? ಒಂದೂ ಹೊಡೆಯುವ ಮೊದಲು ಬ್ಲೇಡಿನ ಗುರುತು ನೋಡಿ. ಜ್ಯಾಕನ್ನು ಅಂಗೈ ಮೇಲೆ ಇಟ್ಟುಕೊಂಡು ಹೊಡೆಯಲೇಬೇಡಿ, ಜಾರಿದರೆ ಬ್ಲೇಡ್ ನೇರ ಕೈಗೇ ಬರುತ್ತದೆ. ಗಟ್ಟಿ ಮೇಜಿನ ಮೇಲೆ ಇಡಿ.

ಕೇಬಲಿನೊಳಗೆ ಒಂದಕ್ಕೊಂದು ಹೊಸೆದಿರುವ ವೈರ್ ಜೋಡಿಗಳ ತಿರುವನ್ನು 13 ಮಿ.ಮೀ.ಗಿಂತ ಜಾಸ್ತಿ ಬಿಚ್ಚಬೇಡಿ. ಯಾವ ಟೂಲ್ ಇದ್ದರೂ ಈ ತಪ್ಪನ್ನು ಸರಿಮಾಡೋಕೆ ಆಗುವುದಿಲ್ಲ.

ಕೊಳ್ಳುವಾಗ 110 ಬ್ಲೇಡಿನ ಜೊತೆ ಕ್ರೋನ್ ಬ್ಲೇಡೂ ಸಿಗುತ್ತದಾ ಕೇಳಿ. ಆಮೇಲೆ ಬ್ಲೇಡನ್ನು ತಿರುಗಿಸಿ ಲಾಕ್ ಮಾಡಿ, ಬೆರಳಲ್ಲಿ ಅಲ್ಲಾಡಿಸಿ ನೋಡಿ. ಹೊಸದರಲ್ಲೇ ಅಲುಗಾಡಿದರೆ ಬೇರೆಯದು ನೋಡಿ.