ಕಾಲ್‌ಬ್ಯಾಕೋ ವರ್ಕ್‌ಮ್ಯಾನೇಜರೋ: ಉದ್ರಿ ಲೆಕ್ಕದ ಆ್ಯಪ್‌ನಲ್ಲಿ ಕಂಡದ್ದು

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರಿಗಳು ಉದ್ರಿ ಬರೆದುಕೊಳ್ಳಲೆಂದು ಒಂದು ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಯಾರು ಎಷ್ಟು ಮಾರು ಸೇವಂತಿಗೆ ಒಯ್ದರು, ಬಾಕಿ ಎಷ್ಟು ಎಂಬುದು ಅಂಗಡಿಯಲ್ಲಿ ದಾಖಲಾಗಬೇಕು, ಮನೆಯಲ್ಲಿ ಲೆಕ್ಕ ನೋಡುವವರ ಫೋನಿಗೂ ತಲುಪಬೇಕು. ಬೆಳಗಿನ ನೂಕುನುಗ್ಗಲಲ್ಲಿ ಕಟ್ಟಡದ ಒಳಗೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಹಾಗಾಗಿ ಬರೆದದ್ದು ಮೊದಲು ಫೋನಿನ ಡೇಟಾಬೇಸ್‌ನಲ್ಲೇ ಕೂರುತ್ತದೆ. ಅಲ್ಲಿಂದ ಸರ್ವರ್‌ಗೆ ದಾಟಿಸಲು ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಮಾರುಕಟ್ಟೆಯಲ್ಲಿ ಮಾತ್ರವಲ್ಲ, ಮೆಟ್ರೋದ ನೇರಳೆ ಮಾರ್ಗ ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗೆ ನೆಲದಡಿ ಸಾಗುವಲ್ಲಿಯೂ ಪರೀಕ್ಷೆ ಮಾಡಿದೆ.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ: ಸರ್ವರ್‌ಗೆ ಕಳಿಸುವ ಪ್ರತಿ ರಿಕ್ವೆಸ್ಟ್‌ಗೂ (ಕೋರಿಕೆಗೂ) ಮುಂಚೆ ‘ನೆಟ್ ಇದೆಯಾ?’ ಎಂದು ಕೇಳುವುದು. ಇದಕ್ಕೆ ಬಳಸುತ್ತಿದ್ದ ನೆಟ್‌ವರ್ಕ್‌ಇನ್ಫೋ ಎಂಬ ಸೌಲಭ್ಯ ಆಂಡ್ರಾಯ್ಡ್ 10ರಲ್ಲೇ ಡೆಪ್ರಿಕೇಟ್ ಆಗಿದೆ, ಅಂದರೆ ಇನ್ನು ಬಳಸಬೇಡಿ ಎಂದು ಗುರುತಾಗಿದೆ. ಸಂಪರ್ಕದ ಗುಣಗಳನ್ನು ಹೇಳುವ ಈಗಿನ ನೆಟ್‌ವರ್ಕ್ ಕೇಪಬಿಲಿಟೀಸ್‌ನಲ್ಲಿ ‘ಇಂಟರ್ನೆಟ್’ ಎಂಬ ಗುರುತಿಗಿಂತ ‘ವ್ಯಾಲಿಡೇಟೆಡ್’ (ಇಂಟರ್ನೆಟ್ ನಿಜಕ್ಕೂ ಸಿಗುತ್ತಿದೆ ಎಂದು ಪರೀಕ್ಷಿಸಿದ್ದು) ಎಂಬುದು ಹೆಚ್ಚು ನಂಬಲರ್ಹ. ಹೋಟೆಲಿನ ಲಾಗಿನ್ ಪುಟದ ಹಿಂದಿರುವ ವೈಫೈಗೆ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಆದರೆ ವ್ಯಾಲಿಡೇಟೆಡ್ ಕೂಡ ಸ್ವಲ್ಪ ಹಿಂದಿನ ಸುದ್ದಿಯೇ. ಸುರಂಗದಲ್ಲಿ ಆ ಗುರುತು ಹಾಗೇ ಇದ್ದು, ಉತ್ತರ ಬಾರದೆ ರಿಕ್ವೆಸ್ಟ್ ಟೈಮ್‌ಔಟ್ ಆಗುವುದನ್ನು ನೋಡಿದೆ. ಕೇಳಿದ ಕ್ಷಣಕ್ಕೂ ಕಳಿಸಿದ ಕ್ಷಣಕ್ಕೂ ನಡುವೆಯೇ ಸಂಪರ್ಕ ಕಡಿದುಹೋಗಬಹುದು. ಹೇಗಿದ್ದರೂ ವಿಫಲತೆಯನ್ನು ನಿಭಾಯಿಸುವ ಕೋಡ್ ಬರೆಯಲೇಬೇಕು; ಬರೆದ ಮೇಲೆ ಮುಂಚಿನ ಪ್ರಶ್ನೆಯ ಅಗತ್ಯವೇ ಉಳಿಯುವುದಿಲ್ಲ.

ಎರಡನೆಯದು ಡಿಫಾಲ್ಟ್ ನೆಟ್‌ವರ್ಕ್ ಕಾಲ್‌ಬ್ಯಾಕ್: ಫೋನಿನ ಸಂಪರ್ಕ ಬದಲಾದಾಗ ಆಂಡ್ರಾಯ್ಡ್ ತಾನಾಗಿ ಆ್ಯಪ್‌ಗೆ ತಿಳಿಸುವ ವ್ಯವಸ್ಥೆ. ಆಂಡ್ರಾಯ್ಡ್ 7ರಿಂದ ಇದೆ. ಆ್ಯಪ್ ತೆರೆದಿರುವಾಗ ಇದರಷ್ಟು ಚುರುಕು ಬೇರೆ ಯಾವುದೂ ಇಲ್ಲ. ಸಂಪರ್ಕ ಮರಳಿದೊಡನೆ ಸರದಿಯಲ್ಲಿದ್ದ ನಮೂದುಗಳು ಹೊರಡುತ್ತವೆ, ಪರದೆಯ ಮೇಲಿನ ‘ಆಫ್‌ಲೈನ್’ ಪಟ್ಟಿ ಮಾಯವಾಗುತ್ತದೆ. ವೈಫೈಯಿಂದ ಮೊಬೈಲ್ ಡೇಟಾಗೆ ದಾಟುವಾಗ ಆನ್‌ಲಾಸ್ಟ್ (ಸಂಪರ್ಕ ಹೋಯಿತು ಎಂಬ ಸೂಚನೆ) ಬರದೆ ನೇರ ಹೊಸ ನೆಟ್‌ವರ್ಕ್‌ನ ಆನ್‌ಅವೈಲಬಲ್ (ಸಂಪರ್ಕ ಸಿಕ್ಕಿತು ಎಂಬ ಸೂಚನೆ) ಬರಬಹುದು ಎಂಬುದು ನೆನಪಿರಲಿ. ಇನ್ನೊಂದು, ನೋಂದಾಯಿಸುವ ಹೊತ್ತಿಗೆ ನೆಟ್ ಇಲ್ಲದಿದ್ದರೆ ಕಾಲ್‌ಬ್ಯಾಕ್ ಸುಮ್ಮನೇ ಇರುತ್ತದೆ. ಆರಂಭದ ಸ್ಥಿತಿ ‘ಆಫ್‌ಲೈನ್’ ಎಂದೇ ಇಟ್ಟುಕೊಳ್ಳಬೇಕು. ಇದರ ನಿಜವಾದ ಕೊರತೆ ಬೇರೆ: ಆ್ಯಪ್‌ನ ಪ್ರೋಸೆಸ್ ಅನ್ನು ಫೋನ್ ಮುಚ್ಚಿಬಿಟ್ಟರೆ ಕಾಲ್‌ಬ್ಯಾಕೂ ಅದರೊಂದಿಗೇ ಹೋಯಿತು. ವ್ಯಾಪಾರಿ ಬರೆದು, ಫೋನ್ ಜೇಬಿಗಿಳಿಸಿ, ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ. ಕಡಿಮೆ ರ್‍ಯಾಮ್‌ನ ಫೋನುಗಳಲ್ಲಿ ಅಷ್ಟು ಸಾಕು, ಮತ್ತೆ ಆ್ಯಪ್ ತೆರೆಯುವವರೆಗೆ ಲೆಕ್ಕ ಅಲ್ಲೇ ಕೊಳೆಯುತ್ತದೆ.

ಆ್ಯಪ್ ಮುಚ್ಚಿದ್ದರೂ ಹಿನ್ನೆಲೆಯಲ್ಲಿ ಕೆಲಸ ಮಾಡಿಸುವ ಆಂಡ್ರಾಯ್ಡ್ ಲೈಬ್ರರಿ ವರ್ಕ್‌ಮ್ಯಾನೇಜರ್ ಗೆಲ್ಲುವುದು ಇಲ್ಲಿಯೇ. ಕೆಲಸದ ಪಟ್ಟಿಯನ್ನು ಅದು ತನ್ನದೇ ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ, ಫೋನ್ ಆಫ್ ಮಾಡಿ ಆನ್ ಮಾಡಿದರೂ ಮರೆಯುವುದಿಲ್ಲ. ‘ಕನೆಕ್ಟೆಡ್’ ಷರತ್ತು ಹಾಕಿದರೆ ನೆಟ್ ಬರುವವರೆಗೆ ಕಾಯುತ್ತದೆ, ನಡುವೆ ನೆಟ್ ಹೋದರೆ ಕೆಲಸ ನಿಲ್ಲಿಸಿ ಮತ್ತೆ ಸರದಿಗೆ ಹಾಕುತ್ತದೆ. ಮರುಪ್ರಯತ್ನದ ಅಂತರ ಪೂರ್ವನಿಯೋಜಿತವಾಗಿ 30 ಸೆಕೆಂಡಿನಿಂದ ಶುರುವಾಗಿ ಇಮ್ಮಡಿಯಾಗುತ್ತಾ ಹೋಗುತ್ತದೆ. ಅವಸರ ಮಾತ್ರ ಇದರ ಸ್ವಭಾವದಲ್ಲಿಲ್ಲ. ಫೋನ್ ಡೋಜ್‌ಗೆ (ಬ್ಯಾಟರಿ ಉಳಿಸುವ ನಿದ್ರೆಗೆ) ಜಾರಿದರೆ ಕೆಲಸ ತಡವಾಗುತ್ತದೆ. ಪದೇಪದೇ ನಡೆಯುವ ಕೆಲಸಕ್ಕೆ 15 ನಿಮಿಷಕ್ಕಿಂತ ಕಡಿಮೆ ಅಂತರ ಕೊಡುವಂತಿಲ್ಲ. ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಫೋರ್ಸ್ ಸ್ಟಾಪ್ ಒತ್ತಿದರೆ, ಆ್ಯಪ್ ಮತ್ತೆ ತೆರೆಯುವವರೆಗೆ ಏನೂ ನಡೆಯದು.

ನೋಟಿಫಿಕೇಶನ್ ತೋರಿಸುತ್ತಾ ಹಿನ್ನೆಲೆಯಲ್ಲಿ ಓಡುವ ಫೋರ್‌ಗ್ರೌಂಡ್ ಸರ್ವೀಸ್ ಅನ್ನೂ ನೋಡಿದೆ. ನಾಲ್ಕು ಸಾಲಿನ ಲೆಕ್ಕಕ್ಕೆ ಸದಾ ಒಂದು ನೋಟಿಫಿಕೇಶನ್ ಕೂರಿಸುವುದು ಅತಿಯಾಯಿತು. ಮೇಲಾಗಿ ಆಂಡ್ರಾಯ್ಡ್ 15ಕ್ಕೆ ಗುರಿಯಿಟ್ಟ ಆ್ಯಪ್‌ಗಳಲ್ಲಿ ಡೇಟಾಸಿಂಕ್ (ಡೇಟಾ ದಾಟಿಸುವ) ಬಗೆಯ ಸರ್ವೀಸಿಗೆ 24 ಗಂಟೆಗೆ 6 ಗಂಟೆಯ ಮಿತಿ ಇದೆ.

ಕೊನೆಗೆ ಉಳಿಸಿಕೊಂಡದ್ದು ಎರಡರ ಜೋಡಿ. ನಮೂದು ಉಳಿದೊಡನೆ ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸುತ್ತೇನೆ. ಪರದೆ ತೆರೆದಿದ್ದರೆ ತಕ್ಷಣವೇ ನೇರವಾಗಿಯೂ ಕಳಿಸಿ ನೋಡುತ್ತೇನೆ. ಕಾಲ್‌ಬ್ಯಾಕ್‌ಗೆ ಪರದೆಯ ಸ್ಥಿತಿ ತೋರಿಸುವುದು, ಮತ್ತೆ ಕಳಿಸಲು ತಟ್ಟಿ ಎಬ್ಬಿಸುವುದು, ಇಷ್ಟೇ ಕೆಲಸ. ಎರಡು ಕೈ ಒಂದೇ ನಮೂದನ್ನು ಕಳಿಸುವ ಸಾಧ್ಯತೆ ಇರುವುದರಿಂದ ಪ್ರತಿ ನಮೂದಿಗೂ ಫೋನಿನಲ್ಲೇ ಹುಟ್ಟಿದ ಒಂದು ಯುಯುಐಡಿ, ಅಂದರೆ ಬೇರೆಲ್ಲೂ ಮರುಕಳಿಸದಂಥ ಗುರುತು ಸಂಖ್ಯೆ ಇದೆ. ಎರಡನೇ ಬಾರಿ ಬಂದದ್ದನ್ನು ಸರ್ವರ್ ಸೇರಿಸದೆ ‘ಸರಿ’ ಎಂದಷ್ಟೇ ಉತ್ತರಿಸುತ್ತದೆ. ಸರ್ವರ್‌ಗೆ ತಲುಪಿಯೂ ಉತ್ತರ ಮರಳದ ಸುರಂಗದ ಪ್ರಸಂಗಕ್ಕೂ ಇದೇ ಮದ್ದು. ಉದ್ರಿ ಲೆಕ್ಕದಲ್ಲಿ ಒಂದು ಸಾಲು ಎರಡಾದರೆ ಇಬ್ಬರ ನಡುವಿನ ವರ್ಷಗಳ ನಂಬಿಕೆಯೇ ಕೆಡುತ್ತದೆ, ಹಾಗಾಗಿ ಯಾವ ದಾರಿ ಆರಿಸಿದರೂ ಇದನ್ನು ಬಿಡಬೇಡಿ ಎನ್ನುತ್ತೇನೆ.

ಬಿಲ್ಲಿನ ಫೋಟೊಗಳಿಗೆ ‘ಅನ್‌ಮೀಟರ್ಡ್’ (ವೈಫೈಯಂಥ, ಬಳಕೆಗೆ ಲೆಕ್ಕವಿಲ್ಲದ ಸಂಪರ್ಕವಿದ್ದಾಗ ಮಾತ್ರ) ಷರತ್ತು ಹಾಕಿದ್ದೆ. ಹಲವರ ಮನೆಯಲ್ಲಿ ವೈಫೈ ಇಲ್ಲವಾದ್ದರಿಂದ ಅವು ಹೊರಡಲೇ ಇಲ್ಲ. ಈಗ ಫೋಟೊ ಕುಗ್ಗಿಸಿ, ಪಕ್ಕದಲ್ಲಿ ‘ಈಗಲೇ ಕಳಿಸು’ ಗುಂಡಿ ಇಟ್ಟಿದ್ದೇನೆ.